ಲಾಟ್ ಪುಸ್ತಕ

ಖುರ್ಷಿದಾ ಬೀ ತಂದದ್ದು ಗೂಡು ಮಾರುಕಟ್ಟೆಯ ಲೆಕ್ಕದ ಪುಸ್ತಕ.
ಅರ್ಧದವರೆಗೆ ಲಾಟ್ ನಂಬರು, ತೂಕ, ಕೂಗಿದ ರೇಟು.
ಮಿಕ್ಕ ಅರ್ಧ ಖಾಲಿ.
‘ಇದರಲ್ಲಿ ಬರಿ ಅಕ್ಕಾ, ನಿನ್ನ ಅಕ್ಷರ ದುಂಡಗಿದೆ’ ಅಂದಳು.

ಬರೆದೆ:
ಮಂಗಳವಾರ. ಡಯಾಲಿಸಿಸ್ ಮಿಷನ್ನು ನಾಲ್ಕು, ಓಡುವುದು ಎರಡು.
ಕಾದವರು ಹನ್ನೊಂದು.
ವಾಪಸು ಹೋದವರು: ಮೇಲೂರಿನ ಪಿಳ್ಳಮ್ಮ,
ದಿಬ್ಬೂರಹಳ್ಳಿಯ ಮುನಿನಾರಾಯಣಪ್ಪ,
ಜಂಗಮಕೋಟೆಯಿಂದ ಎರಡು ಬಸ್ಸು ಬದಲಿಸಿ ಬಂದ ಮೇಷ್ಟ್ರು,
ಖುರ್ಷಿದಾಳ ಮಗ, ನನ್ನ ಗಂಡ.
ಸಿಕ್ಕ ಉತ್ತರ: ನಾಳೆ ಬನ್ನಿ.

ನಮ್ಮಜ್ಜಿ ಬಾಗಿಲ ಮೇಲೆ ಇದ್ದಿಲಲ್ಲಿ ಬರೆಸುತ್ತಿದ್ದಳು
‘ನಾಳೆ ಬಾ’ ಅಂತ.
ರಾತ್ರಿ ಹೆಸರು ಹಿಡಿದು ಕೂಗುವ ಮಾರಿ
ಅದನ್ನು ಓದಿ ತಿರುಗಿ ಹೋಗಬೇಕು,
ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದಬೇಕು.
ಶಿಡ್ಲಘಟ್ಟದ ಆಸ್ಪತ್ರೆಯ ಆ ಕಬ್ಬಿಣದ ಬಾಗಿಲ ಮುಂದೆ
ಮೊದಲ ಸಲ ನನಗೆ ಮಾರಿಯ ಮೇಲೆ ಕನಿಕರ ಬಂತು.
ಅದರ ಮನೆಯಲ್ಲೂ ಯಾರಿಗೋ ಕಾಲು ಬಾತಿತ್ತೇನೋ.

ನನ್ನ ಗಂಡ ಟೈಲರು.
ಎಡಗೈಯಲ್ಲಿ ನರ ಸೇರಿಸಿ ಹೊಲಿದಿದ್ದಾರೆ.
ಬೆರಳಿಟ್ಟರೆ ಝುಂ ಅನ್ನುತ್ತದೆ,
ಪಕ್ಕದ ಮನೆಯಲ್ಲಿ ಮಿಷನ್ನು ತುಳಿದ ಹಾಗೆ.
ಖುರ್ಷಿದಾ ಮಗನ ಕೈ ಮುಟ್ಟುವುದು ಬೇರೆ ಥರ:
ಬಿಸಿನೀರಲ್ಲಿ ಬೆಂದು ರೇಖೆ ಅಳಿಸಿಹೋದ ಬೆರಳು,
ಒಂದೇ ಒಂದು ಎಳೆಯನ್ನು ಹುಡುಕಿ
‘ಕಡಿದಿಲ್ಲ’ ಅನ್ನುತ್ತದೆ.

ಸಮಿತಿಯ ಮೊದಲ ಸಭೆಗೆ ಹೋದೆವು.
ನಮಗೆ ಮಾತೇ ಬರಲಿಲ್ಲ.
ಟೀ ಕೊಟ್ಟರು. ಕುಡಿದು ಬಂದೆವು.

ಆಮೇಲೆ ಪಿಳ್ಳಮ್ಮನೇ ನಮಗೆ ಡಾಕ್ಟರಾದಳು.
ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ
ಕೊರಳಿಗೆ ಟವೆಲು ನೇತುಹಾಕಿಕೊಂಡು, ಮುಖ ಗಂಟು ಹಾಕಿ
‘ಏನಮ್ಮಾ, ಬೇಗ ಹೇಳು’ ಅಂತ ಗದರಿಸುವಳು,
ಆಮೇಲೆ ತಾನೇ ನಗು ತಡೆಯಲಾರದೆ ಕೆಮ್ಮುವಳು.
‘ಅರ್ಥ ಆಗಲಿಲ್ಲ ಸಾರ್, ಇನ್ನೊಂದು ಸಲ ಹೇಳಿ’
ಇಷ್ಟು ಮಾತು ಗಂಟಲು ದಾಟಲು
ನನಗೆ ಮೂರು ವಾರ ಹಿಡಿಯಿತು.

ಎರಡನೆಯ ಸಭೆ.
ಪುಸ್ತಕ ಮೇಜಿನ ಮೇಲಿಟ್ಟೆವು.
‘ಇದನ್ನೆಲ್ಲ ಬರೆಯೋಕೆ ನೀವ್ಯಾರು?’
ಖುರ್ಷಿದಾಳ ದನಿ ನಡುಗುತ್ತಿತ್ತು;
ಉರ್ದು, ತೆಲುಗು, ಕನ್ನಡ ಮೂರೂ ಒಂದಕ್ಕೊಂದು ಸಿಕ್ಕು.
‘ರೀಲರು ಸಾರ್. ಗೂಡಿನ ತುದಿ ಸಿಗೋವರೆಗೂ
ನೀರಿಂದ ಕೈ ತೆಗೆಯೋದು ಗೊತ್ತಿಲ್ಲ.’
ಯಾರೋ ಕನ್ನಡಕ ಹಾಕಿಕೊಂಡರು.
ಲಾಟಿನ ಪುಟಗಳನ್ನು ದಾಟಿ
ನಮ್ಮ ಪುಟಗಳಿಗೆ ಬಂದರು.

ಮೂರನೆಯ ಮಿಷನ್ನು ಓಡಿತು, ಇಪ್ಪತ್ತಾರು ದಿನ ಬಿಟ್ಟು.
ಅಷ್ಟರಲ್ಲಿ ಒಂದು ಶುಕ್ರವಾರ
ಪಿಳ್ಳಮ್ಮನ ಹೆಸರು ಬರೆಯಲು ಹೋಗಿ ಪೆನ್ನು ನಿಂತಿತು.
ಕಾದವರು, ಹತ್ತಿಸಿಕೊಂಡವರು, ವಾಪಸು ಹೋದವರು:
ನಾನು ಗೆರೆ ಎಳೆದದ್ದು ಇಷ್ಟಕ್ಕೇ.
ಅವಳ ಮೊಮ್ಮಗ ಬಂದು
ಕೂಪನ್ನು ವಾಪಸು ಕೊಟ್ಟು ಹೋದ.

ಪುಸ್ತಕ ಈಗ ಕಿಟಕಿಯ ಮೊಳೆಗೆ ತೂಗುತ್ತದೆ,
ಎರಡೆಳೆ ಹುರಿ ಮಾಡಿದ ರೇಷ್ಮೆ ದಾರದಲ್ಲಿ.
ಟೆಕ್ನೀಷಿಯನ್ ತಿಪ್ಪೇಶನಿಗೆ ಅದನ್ನು ಕಂಡರೆ ಭಯವಿತ್ತು,
‘ನನ್ನ ಕೆಲಸ ಹೋಗುತ್ತೆ ಅಮ್ಮಾ’ ಅನ್ನುತ್ತಿದ್ದ.
ಮೊನ್ನೆ ಬೆಳಿಗ್ಗೆ ತೆರೆದರೆ
ನನ್ನದಲ್ಲದ ಅಕ್ಷರ, ಓರೆಯಾಗಿ, ಹಸಿರು ಶಾಯಿಯಲ್ಲಿ:
‘ನೀರಿನ ಫಿಲ್ಟರ್ ಬದಲಿಸಿ ನಲವತ್ತೊಂದು ದಿನ. ಮೂರು ಸಲ ಕೇಳಿದ್ದೇನೆ.’
ಕೆಳಗೆ ಸಹಿ. ಪೂರ್ತಿ ಹೆಸರು.

ಇವತ್ತು ಸಾದಲಿಯಿಂದ ಒಬ್ಬಳು ಬಂದಿದ್ದಾಳೆ,
ಫೈಲನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು.
ಹಿಂದೆ ಅಣ್ಣನೋ ಗಂಡನೋ, ಗೋಡೆ ಹಿಡಿದು ನಿಂತಿದ್ದಾನೆ.
ಒಳಗಿನಿಂದ ಅದೇ ಎರಡು ಮಾತು.
ಸರಿ ಅಂತ ತಲೆಯಾಡಿಸಿ ತಿರುಗುತ್ತಿದ್ದಾಳೆ.

ನಾನು ಬೆಂಚಿನ ಮೇಲೆ ಸರಿಯುತ್ತೇನೆ.
ಬಾರಮ್ಮಾ, ಕೂತ್ಕೊ.
ಹೆಸರು ಹೇಳು.