ನಾಲ್ಕನೇ ನಂಬರಿನ ಕಡ್ಡಿ

ಸೌನಾದೊಳಗೆ ಗಾಂಜಾ ಬೆಳೆಯುವವನನ್ನು
ನಮ್ಮ ಫಿನ್ನರಲ್ಲಿ ಏನೆಂದು ಕರೆಯುತ್ತಾರೋ ಗೊತ್ತಿಲ್ಲ.
ಅಂಥವನೊಬ್ಬ ಈತನಕ ಹುಟ್ಟಿರಲಿಲ್ಲ.
ಹುಟ್ಟಿದ, ನನಗೇ ಗಂಟುಬಿದ್ದ.

ನಲವತ್ತು ವರ್ಷ ನಾವು ಬೆವರಿದ ಮರದ ಮೆಟ್ಟಿಲ ಮೇಲೆ
ಈಗ ನಾಲ್ಕು ಡಬ್ಬಿ. ಮನೆಗೆ ನಾಲ್ಕೇ, ಕಾನೂನು.
ಕಾನೂನು ಮೀರುವವನಲ್ಲ ಆರ್ವೋ.
ಥಂಡರ್ ಬೇ ಬಂದರಿನ ಕಣಜದಲ್ಲಿ
ಮೂವತ್ತೊಂದು ವರ್ಷ ಗೋಧಿ ತೂಗಿದ,
ಒಂದು ಕಾಳೂ ಜೇಬಿನಲ್ಲಿ ಮನೆಗೆ ಬರಲಿಲ್ಲ.
ಬಂದದ್ದು ಧೂಳು. ಅದಿನ್ನೂ ಅವನ ಕೆಮ್ಮಿನಲ್ಲಿದೆ.

ಡಬ್ಬಿಯೊಳಗೊಂದು ಡಬ್ಬಿ.
ಕೆಳಗೆ ನೀರು, ಮೇಲೆ ಮಣ್ಣು,
ನಡುವೆ ತೂತು ಕೊರೆದ ಮೊಸರಿನ ಲೋಟ
ಮಣ್ಣು ತುಂಬಿಕೊಂಡು ನೀರಿಗೆ ಕಾಲು ಇಳಿಬಿಟ್ಟಿದೆ
ಸರೋವರದ ಕಟ್ಟೆಯ ಮೇಲೆ ಕೂತ ಹುಡುಗಿಯ ಹಾಗೆ.
ಹುಯ್ಯಲು ಮೂಲೆಯಲ್ಲೊಂದು ಕೊಳವೆ,
ಹೆಚ್ಚಾದದ್ದು ಸೋರಿಹೋಗಲು ಪಕ್ಕದಲ್ಲಿ ಕಿರುಬೆರಳಿನಷ್ಟು ಕಿಂಡಿ.
"ಮೇಲಿಂದ ಹುಯ್ದರೆ ಬೇರು ಸೋಮಾರಿಯಾಗುತ್ತೆ, ಹೆಲ್ವಿ.
ಕೆಳಗಿಟ್ಟು ಸುಮ್ಮನಿದ್ದರೆ
ಬೇಕಾದಷ್ಟು ತಾನೇ ಎಳಕೊಳ್ಳುತ್ತೆ."
ವಾರಕ್ಕೆ ಏಳು ಮಾತಾಡುವ ಮನುಷ್ಯ
ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ.

ಒಳಗೆ ನೀರೆಷ್ಟಿದೆ, ತಿಳಿಯುವುದು ಹೇಗೆ?
ಎರಡು ಡಬ್ಬಿಗೆ ಚೀನೀ ಹೋಟೆಲಿನ ಬಿದಿರುಕಡ್ಡಿ.
ನಾಲ್ಕನೆಯದನ್ನು ಬೆರಳಲ್ಲಿ ತಟ್ಟಿ ಕೇಳುತ್ತಾನೆ.
ಮೊದಲನೆಯದರ ಕೊಳವೆಯಲ್ಲಿ
ಬಾಟಲಿ ಬಿರಡೆಗೆ ಚುಚ್ಚಿ ತೇಲಿಬಿಟ್ಟದ್ದು
ನನ್ನ ಹೆಣಿಗೆ ಕಡ್ಡಿ.
ನಾಲ್ಕನೇ ನಂಬರಿನದು. ಅಮ್ಮ ಹಡಗಿನಲ್ಲಿ ತಂದದ್ದು.

ಕೇಳಲಿಲ್ಲ. ಕೇಳುವುದೇನಿತ್ತು?
ನನ್ನ ಬೆರಳ ಗೆಣ್ಣು ಹಸಿಶುಂಠಿಯಾಗಿ ಮೂರು ಚಳಿಗಾಲ,
ಬುಟ್ಟಿಯಲ್ಲಿ ಒಂದೇ ತೋಳಿನ ಸ್ವೆಟರು,
ಇನ್ನೊಂದು ತೋಳು ಮೊಣಕೈ ತನಕ ಬಂದು
ಜೊತೆಯ ಕಡ್ಡಿಯಲ್ಲಿ ಹಾಗೇ ನೇತಾಡುತ್ತಿದೆ.

ಬೈಯಲೆಂದೇ ಇಳಿದೆ.
ಡಿಸೆಂಬರಿನಲ್ಲಿ ನಮ್ಮೂರ ಸೂರ್ಯ
ಒಂಬತ್ತಕ್ಕೆ ಬಂದು ಸಹಿ ಹಾಕಿ
ಐದರೊಳಗೆ ಮನೆಗೆ ಹೋಗುವ ಗುಮಾಸ್ತ.
ಇಲ್ಲಿ ಕೆಳಗೆ ಹನ್ನೆರಡು ಗಂಟೆ ಹಗಲು, ಸ್ವಿಚ್ಚಿನ ಲೆಕ್ಕಕ್ಕೆ.
ಸೀಳಿದ ಪೈನು, ಸತ್ತ ಮುಂಗುಸಿ, ಎರಡೂ ಕಲೆಸಿದ ವಾಸನೆ.
ಬೈಗುಳ ಎಲ್ಲಿ ಶುರು ಮಾಡಲೆಂದು ಯೋಚಿಸುತ್ತ
ಕೆಳಮೆಟ್ಟಿಲ ಮೇಲೆ ಕೂತೆ.
ಮಾರನೇ ದಿನ ದಿಂಬು ತಂದೆ.

ಜನವರಿ, ಸರೋವರ ಹೆಪ್ಪುಗಟ್ಟಿದ ವಾರ,
ನಾಲ್ಕನೆಯದರ ಕಂಕುಳಲ್ಲಿ ಪುಟ್ಟ ಚೀಲಗಳು.
"ಇದು ಗಂಡು," ಅಂದ, ತಾನೇ ತಪ್ಪು ಮಾಡಿದವನಂತೆ.
"ಈಗಲೇ ಕಿತ್ತೆಸೆಯಬೇಕು,
ಇಲ್ಲದಿದ್ದರೆ ಉಳಿದ ಮೂವರೂ ಬೀಜ ಕಟ್ಟಿ ಕೆಡುತ್ತಾರೆ."
ನಾನು ಕೇಳಿದೆ: "ಅಲ್ಲಾ, ಇಷ್ಟು ಸುಲಭವೇ?
ಐವತ್ತೆರಡು ವರ್ಷ ಯಾರೂ ನನಗೆ ಹೇಳಲೇ ಇಲ್ಲವಲ್ಲ!"
ಅವನು ಕೆಮ್ಮುವವರೆಗೂ ನಕ್ಕ.
ನಾನು ಅವನ ಕೆಮ್ಮು ನಿಲ್ಲುವವರೆಗೂ.

ಖಾಲಿಯಾದ ಡಬ್ಬಿಗೆ ಸಬ್ಬಸಿಗೆ ಬೀಜ ಉದುರಿಸಿದೆ.
ಹೆರಿಂಗು ಮೀನಿಗೆ ಬೇಕು. ಕಾನೂನಿಗೆ ಬೇಕಿಲ್ಲ.

ಹೂವು ಒಣಗಿತು, ಎಣ್ಣೆಯಾಯಿತು.
ರಾತ್ರಿ ಇಪ್ಪತ್ತು ನಿಮಿಷ ತಿಕ್ಕುತ್ತಾನೆ,
ಒಂದೊಂದೇ ಗೆಣ್ಣು,
ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವ ಮುಖ ಮಾಡಿಕೊಂಡು.
ಗುಣವಾಯಿತೇ ಎಂದು ಡಾಕ್ಟರು ಕೇಳಿದರೆ
ಗೊತ್ತಿಲ್ಲ ಅನ್ನುತ್ತೇನೆ.
ನಿಲ್ಲಿಸಲೇ ಎಂದು ಇವನು ಕೇಳಿದರೆ
ಇನ್ನೊಂದು ಕೈ ಚಾಚುತ್ತೇನೆ.

ನಿನ್ನೆ ಸಬ್ಬಸಿಗೆ ಡಬ್ಬಿಯನ್ನು ತಟ್ಟಿ, ಕಿವಿಗೊಟ್ಟು,
ಮತ್ತೆ ತಟ್ಟಿದ. ಅವನ ಕಿವಿಯೂ ಈಗ ಅಷ್ಟಕ್ಕಷ್ಟೇ.
ಏನೂ ಅನ್ನಲಿಲ್ಲ.

ಇವತ್ತು ಮಧ್ಯಾಹ್ನ ಬುಟ್ಟಿ ತೆಗೆದೆ.
ಮೂವತ್ತೆಂಟು ಕುಣಿಕೆ.
ಒಂದೊಂದಾಗಿ ಕೆಂಪು ದಾರಕ್ಕೆ ದಾಟಿಸಿದೆ,
ಒಂದು ಜಾರಿತು, ಹಿಡಿದೆ,
ದೀಪ ಹಚ್ಚುವ ಹೊತ್ತಾಯಿತು.
ದಾರದ ಎರಡು ತುದಿ ಸೇರಿಸಿ ಸಡಿಲ ಗಂಟು ಹಾಕಿ,
ಬಿಚ್ಚಲು ಬರುವ ಗಂಟು,
ಬರಿದಾದ ಕಡ್ಡಿ ಹಿಡಿದು ಕೆಳಗಿಳಿದೆ.

"ಬಿರಡೆ ಇನ್ನೊಂದಿದೆಯೇ?" ಅಂದೆ.