ನಾಲ್ಕು ಸಾಲಿಗೊಂದು ದುಗ್ಗಾಣಿ

ಬರೆಯಿರಿ ನರಸೋ ಶೆಣವಿಗಳೇ:
ನಂದನ ಸಂವತ್ಸರದ ಮಾಘ. ಗಂಗೊಳ್ಳಿಯ ಚಿರಂಜೀವಿ ದುಗ್ಗಪ್ಪನಿಗೆ
ಮುಂಬಯಿ ಮಜಗಾಂವಿಯಿಂದ ಅಕ್ಕ ಮಂಕಾಳಿ ಮಾಡುವ ಆಶೀರ್ವಾದ.
ಇತ್ತ ಕ್ಷೇಮ, ಅತ್ತಲ ಕ್ಷೇಮಕ್ಕೆ...
ಸಾಕು, ಸಾಕು. ಕ್ಷೇಮಕ್ಕೇ ಒಂದು ದುಗ್ಗಾಣಿ ಹೋದರೆ
ವಿಷಯಕ್ಕೆ ಎಲ್ಲಿಂದ ತರಲಿ?

ನಿನ್ನ ಓಲೆ ಬಂತು. ಮಂಜಿಯವನ ಸೊಂಟದಲ್ಲಿ ಬೆವರು ಕುಡಿದು
ಅರ್ಧ ಅಕ್ಷರ ಅಳಿಸಿತ್ತು, ಉಳಿದರ್ಧ ಇವರು ಓದಿದರು.
ಮೂರು ಊರು ಕೇಳಿದ್ದೀ: ಮಸ್ಕತ್ತು, ಮೋಕಾ, ಮೊಸಾಂಬಿಕು.
ಎಲ್ಲ ಮಕಾರ. ಮಂಕನೂ ಮಕಾರವೇ ಎನ್ನುತ್ತಿದ್ದ ಅಪ್ಪ, ಇದ್ದಿದ್ದರೆ.
ನಾನೂ ಮಕಾರ, ಈ ಊರೂ. ಇರಲಿ.

ನಾನು ಹಡಗಿನೊಳಗೆ ಕೂತವಳಲ್ಲ,
ಅದರ ಹೊಟ್ಟೆಯಡಿ ಕೂತವಳು.
ಹಲಗೆ ಹಲಗೆಯ ಸಂದಿಗೆ
ಹತ್ತಿ ಹೊಸೆದು ಎಣ್ಣೆಯಲ್ಲದ್ದಿ ಕೊಡುತ್ತೇನೆ,
ಗಂಡಸರು ಉಳಿಯಿಟ್ಟು ಬಡಿಯುತ್ತಾರೆ. ರಾಳ, ತಾಟೆ ಎಣ್ಣೆ,
ಮುಡಿದ ಹೂವಿಗೂ ಅದೇ ವಾಸನೆ.
ಹೊರಡುವ ಹಡಗೆಲ್ಲ ಮದುಮಗಳು ತಮ್ಮಾ,
ಬಂದದ್ದನ್ನು ನೋಡಬೇಕು.
ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು,
ಎಣಿಸುವ ಚಾಳಿ ನನಗೆ.
ಯಾರೂ ಸಂಬಳ ಕೊಡದ ಕಾರಕೂನಿಕೆ.

ಮೊಸಾಂಬಿಕು ಬೇಡ.
ಫರಂಗಿ ಸಾಹುಕಾರ, ಆನೆದಂತದ ಲೆಕ್ಕ,
ವರುಷಕ್ಕೆ ಅರವತ್ತು ಅಶ್ರಫಿ ಎಂದು ಬರೆದಿದ್ದೀ.
ಅಲ್ಲಿಂದ ಬರುವುದು ದಂತವೊಂದೇ ಅಲ್ಲ.
ಹೋದ ಮಳೆಗೆ ಮೊದಲು ಒಂದು ಹಡಗು ತೊಳೆಯಲು ಕೊಟ್ಟರು.
ಕೆಳ ಅಟ್ಟದ ಹಲಗೆಯಲ್ಲಿ ಉಗುರಿನ ಗೀರು,
ಮೊಣಕಾಲೆತ್ತರಕ್ಕೆ, ಈ ತುದಿಯಿಂದ ಆ ತುದಿಗೆ.
ಮೂರು ಸಲ ಸುಣ್ಣ ಹೊಡೆದೆವು.
ಆ ಲೆಕ್ಕ ಯಾವ ಕಡತದಲ್ಲಿ ಬರೆಯುತ್ತೀ?
ಇದನ್ನೂ ಬರೆಯಲೇ ಎಂದು ಕೇಳುತ್ತಾರೆ ಶೆಣವಿಗಳು.
ಬರೆಯಿರಿ. ದುಗ್ಗಾಣಿ ನನ್ನದು.

ಮೋಕಾಕ್ಕೆ ನಿನ್ನ ಭಾವ ಎರಡು ಸಲ ಹೋದ.
ಕಾಪಿ ಬೀಜ ಮಾರಿದ ಮೇಲೆ ಸಂಬಳ, ಮಾರುವ ತನಕ ಸಾಲ.
ಮೊದಲ ಸಲ ಕನ್ನಡಿ ತಂದ, ಎರಡನೇ ಸಲ ಕೆಮ್ಮು.
ಕನ್ನಡಿ ಮಾರಿದೆ.

ಹೋಗಲೇಬೇಕೆಂದರೆ ಮಸ್ಕತ್ತು.
ನಮ್ಮದೇ ಅಕ್ಕಿ ಅಲ್ಲಿ ಉಣ್ಣುತ್ತಾರೆ;
ಅಳೆಯುವವನಿಗೆ ಎರಡೂ ಕಡೆ ಬೈಗುಳ, ಎರಡೂ ಕಡೆ ಊಟ.
ಮೂರು ತಿಂಗಳ ಮುಂಗಡ ಅಮ್ಮನ ಕೈಗೆ, ನಿನ್ನ ಕೈಗಲ್ಲ.
ನಾಖುದನ ಮಾತು ಕೇಳಬೇಡ, ಅಡುಗೆಯವನನ್ನು ಕೇಳು
ನೀರಿನ ಪೀಪಾಯಿ ಎಷ್ಟೆಂದು.
ಓದಲು ಬಾರದ ಲಿಪಿಯ ಕೆಳಗೆ ರುಜು ಹಾಕಬೇಡ.
ಹೇಳುವವಳನ್ನು ನೋಡು, ಯಾವ ಲಿಪಿಯೂ ಬಾರದವಳು!
ಇವರೇನು ಬರೆಯುತ್ತಿದ್ದಾರೋ, ಮೀಸೆಯೊಳಗೆ ನಗುತ್ತಿದ್ದಾರೆ.

ಮುಂಬಯಿಗೇ ಬಾ ಎನ್ನಲೇ? ಕೆಲಸವುಂಟು.
ಟೋಪಿಯವರ ಗಂಟೆಗೆ ಎದ್ದು
ಟೋಪಿಯವರ ಗಂಟೆಗೆ ಉಣ್ಣುವ ಊರು.
ಒಂಬತ್ತು ವರುಷದ ಹಿಂದೆ ಪತ್ತೆಮಾರಿಯ ಉಪ್ಪಿನ ಮೂಟೆಯ ಮೇಲೆ
ವಾಂತಿ ಮಾಡುತ್ತ ಬಂದೆನಲ್ಲ,
ನಾನೂ ಪರದೇಶಕ್ಕೇ ಹೋದವಳು, ದುಗ್ಗಪ್ಪಾ.
ಅದನ್ನು ಮದುವೆ ಎಂದರು,
ಆದ್ದರಿಂದ ಯಾರೂ ನನಗೆ ಬುದ್ಧಿ ಹೇಳಿ ಓಲೆ ಬರೆಸಲಿಲ್ಲ.

ಇದು ಬೇಡ, ಇದನ್ನು ಹೊಡೆದುಹಾಕಿ.
ಹೊಡೆದ ಸಾಲಿಗೂ ಕಾಸೇ? ಹಾಗಾದರೆ ಇರಲಿ ಬಿಡಿ.

ಲೇಖನಿ ಒರೆಸಿಕೊಳ್ಳುತ್ತಿದ್ದಾರೆ. ಒಂದು ಸಾಲು ಉಳಿಯಿತಂತೆ.
ಯಾವ ಹಡಗೇ ಆಗಲಿ, ಮೊದಲು ಬುಡಕ್ಕೆ ಹೋಗು, ಸಂದಿಗೆ ಬೆರಳಿಡು;
ಒಣಗಿ ಪುಡಿಯಾಗಿ ಕೈಗೆ ಬಂದರೆ ಮನೆಗೆ ನಡೆ.
ಹತ್ತಿ ನೋಡಿ ಹತ್ತು.

(ಅಂಚಿನಲ್ಲಿ, ಶೆಣವಿಗಳು ಧರ್ಮಕ್ಕೆ ಬರೆದದ್ದು:
ಕೆಮ್ಮಿನ ಸಾಲು ಅಮ್ಮನಿಗೆ ಓದಬೇಡವಂತೆ.)