ಮೂರನೆಯ ಬೇಸಿಗೆ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ, ಬಿರುಬೇಸಿಗೆ
ಅಂತ ನಗೋರು ನಗಲಿ.
ಮೂರನೇದು ಐತೆ. ನನ್ನ ಕುಪ್ಪಸದೊಳಗೆ ಹುಟ್ಟಿ
ಕುತ್ತಿಗೆ ಹತ್ತಿ, ಕಿವಿ ದಾಟಿ,
ನೆತ್ತಿಯಲ್ಲಿ ಒಲೆ ಹಚ್ಚಿ
ಮೂರು ನಿಮಿಷಕ್ಕೆ ಆರಿಹೋಗ್ತೈತೆ.
ಅಷ್ಟರಲ್ಲಿ ಒಂದು ಪ್ಯಾಂಟಿನ ಸೈಡು ಹೊಲಿಗೆ ಸೊಟ್ಟ.

ಮೊದಮೊದಲು ಫ್ಯಾನಿಗೆ ಬೈದೆ.
ಮಾಲೀಕನಿಗೆ, ತಗಡಿನ ಮಾಡಿಗೆ, ಮೇ ತಿಂಗಳಿಗೆ ಬೈದೆ.
ಡಿಸೆಂಬರಿನಲ್ಲೂ ಬಂತು.
ಆಗ ಬೈಯೋಕೆ ಯಾರೂ ಉಳಿದಿರಲಿಲ್ಲ,
ಗಂಡ ಪಂಪಾಪತಿ ಬಿಟ್ಟರೆ.

ಮಸ್ತಾನಬಿ ಬಚ್ಚಲಲ್ಲಿ ಜಾರಿದಳು.
ದೊಡ್ಡ ಜಾರೋದೇನಲ್ಲ, ಕೈ ಊರಿದಳು ಅಷ್ಟೆ,
ಮಣಿಕಟ್ಟು ಹಪ್ಪಳದಂಗೆ ಮುರೀತು.
ಇಪ್ಪತ್ತು ವರ್ಷ ನನ್ನ ಪಕ್ಕದ ಮಿಷನ್ನು,
ಕಾಜಾ ಹೊಡೆಯೋ ಕೈ.
ದೊಡ್ಡಾಸ್ಪತ್ರೆಯ ಸಣ್ಣ ವಯಸ್ಸಿನ ಡಾಕ್ಟರಮ್ಮ
ಫಿಲ್ಮು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದಳು:
"ನಿಮಗೆ ನಿಂತು ಎಷ್ಟು ದಿನ ಆಯ್ತಮ್ಮಾ?"
ಜೊತೆಗೆ ಬಂದೋಳಿಗೂ ರಕ್ತ ತೆಗೆದರು.

ರಿಪೋರ್ಟು ಕೇಳಿ ಇಬ್ಬರೂ ಬಿದ್ದು ಬಿದ್ದು ನಕ್ವಿ.
ಬಳ್ಳಾರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲೇ ಬೆಂದು
ನನ್ನ ಮೈಗೆ ಬಿಸಿಲು ಸಾಲದಂತೆ!
ನಗು ನಿಂತ ಮೇಲೆ ಲೆಕ್ಕ ಹಾಕಿದೆ:
ಶೆಡ್ಡಿನೊಳಗೆ ಟ್ಯೂಬ್‌ಲೈಟು,
ಹೊರಗೆ ಬಂದಾಗ ಬೀದಿ ದೀಪ.
ಸೂರ್ಯನ್ನ ನೋಡೋದು ಭಾನುವಾರ, ಬಟ್ಟೆ ಒಣಹಾಕೋವಾಗ.

ಚೀಟಿ ಬರೆದಳು. ಮಾತ್ರೆ ಎರಡೇ. ಉಳಿದದ್ದೆಲ್ಲ
ನಮ್ಮವ್ವ ಬೈತಾ ಬೈತಾ ಹೇಳಿದ್ದು:
ನುಗ್ಗೆಸೊಪ್ಪು, ಎಳ್ಳು, ಗಟ್ಟಿ ಮೊಸರು, ಕಾಳು,
ಉಪ್ಪಿನ ಡಬ್ಬಿ ಕೈಗೆಟುಕದಂಗೆ ಮೇಲಿಡು,
ಟೀ ಐದು ಇದ್ದದ್ದು ಎರಡಾಗಲಿ.
ನಾಲ್ಕು ಗಂಟೆಯ ಒಗ್ಗರಣೆ ಮಿರ್ಚಿ ಬಿಡಿ ಅಂದಾಗ
ಮಸ್ತಾನಬಿ ಪ್ಲಾಸ್ಟರು ಕೈ ಎತ್ತಿ
"ಇನ್ನೊಂದನ್ನೂ ಮುರೀರಿ ಡಾಕ್ಟ್ರೇ" ಅಂದಳು.
(ಗುರುವಾರಕ್ಕೊಂದು ಅಂತ ರಾಜಿ ಆಗೈತೆ.)
ಡಾಕ್ಟರಮ್ಮ ನಗದೆ ಹೇಳಿದ್ದು ಒಂದೇ ಮಾತು:
ವರ್ಷ ನಿಂತದ್ದು ಮತ್ತೆ ಒಂದು ಹನಿ ಕಂಡರೂ
ನಾಚಿಕೊಂಡು ಕೂಡಬೇಡಿ, ಓಡಿ ಬನ್ನಿ.

ಆಮೇಲೆ ನಡಿಗೆ. ದಿನಾ.
ಸೀರೆ ಎತ್ತಿ ಕಟ್ಟಿ ಮೂರು ದಿನ ಗುಡ್ಡದ ಮೆಟ್ಟಿಲು ಹತ್ತಿದೆ.
ನಾಲ್ಕನೇ ದಿನ ನೆರಿಗೆ ತುಳಿದು ಮುಗ್ಗರಿಸಿದೆ.
ಹಪ್ಪಳ ನೆನಪಾಯ್ತು.
ಅವತ್ತು ಸಂಜೆ ರಿಜೆಕ್ಟು ರಾಶಿಯಿಂದ
ಮೂವತ್ತಾರರದೊಂದು ಎಳೆದೆ.
ಇಪ್ಪತ್ತೆರಡು ವರ್ಷ ಯಾರ್ಯಾರದೋ ಸೊಂಟಕ್ಕೆ
ಕಾಲು ಜೋಡಿಸಿದ್ದೀನಿ, ದಿನಕ್ಕೆ ನೂರರಂಗೆ.
ನನ್ನ ಎರಡು ಕಾಲು ಒಂದರೊಳಗೂ ಇಳಿದಿರಲಿಲ್ಲ.
ಮೇಲೆ ಪಂಪಾಪತಿಯ ಹಳೇ ಅಂಗಿ.
ಕನ್ನಡಿ ಮುಂದೆ ಹೋಗಲಿಲ್ಲ. ಅವನೇ ಕನ್ನಡಿಯಂಗೆ ಅಡ್ಡ ನಿಂತು
"ಆಟೋ ಬಿಡೋಕೆ ಹೊಂಟೀಯೇನು?" ಅಂದ.

ಕೂಡಿಸಿಕೊಂಡು ಹೇಳಿದೆ, ಮೊದಲ ಸಲ:
ರಾತ್ರಿ ಹೊದಿಕೆ ಒದೆಯೋದು ಸಿಟ್ಟಿಗಲ್ಲ,
ಮಾಳಿಗೆ ಮೇಲೆ ಒಬ್ಬಳೇ ಮಲಗೋದು ಮುನಿಸಿಗಲ್ಲ.
ಸುಮ್ಮನೆ ಕೇಳಿದ. ಏನು ತಿಳೀತೋ.
ಮರುದಿನ ತಲೆದೆಸೆಗೆ ಒಂದು ಚೊಂಬು ನೀರಿತ್ತು,
ಒದ್ದೆ ಟವಲು ಸುತ್ತಿ.

ಐದಕ್ಕೆ ಹೊರಡ್ತೀವಿ.
ಮಸ್ತಾನಬಿ ಬುರ್ಖಾ, ಮಗನ ಕ್ಯಾನ್ವಾಸ್ ಬೂಟು,
ನಾನು ನೀಲಿ ಪ್ಯಾಂಟು.
ನೂರಾ ಇಪ್ಪತ್ತನೇ ಮೆಟ್ಟಿಲಿಗೆ ಅದು ಬಂತು,
ಕೇಳದೆ, ಹೇಳದೆ.
ಅಂಗಿ ಗುಂಡಿ ಬಿಚ್ಚಿ, ತಂಪಾಗಲಿ ಅಂತ
ಬಂಡೆಗೆ ಬೆನ್ನು ಕೊಟ್ಟೆ. ಬಂಡೆ ಬಿಸಿ!
ನಿನ್ನೆಯ ಬಿಸಿಲು ರಾತ್ರಿಯೆಲ್ಲ ಆರಿಲ್ಲ ಅದಕ್ಕೆ.
"ನಿಂಗೂ ನಿಂತೈತೇನೆ?" ಅಂತ ಕೇಳಿದೆ.

ಕೆಳಗೆ ಊರಿನ ದೀಪ ಒಂದೊಂದೇ ಆರ್ತಿದ್ದವು.
ಮಸ್ತಾನಬಿ ಮೆಟ್ಟಿಲ ಮೇಲೆ ಕೂತು
ನನ್ನ ಪ್ಯಾಂಟಿನ ಸೈಡು ಹಿಡಿದು, ಬೆರಳಾಡಿಸಿ,
ಹೊಲಿಗೆ ಎಲ್ಲಿ ಸೊಟ್ಟ ಹೋಗೈತೆ ಅಲ್ಲಿಗೇ ಬಂದು ನಿಂತು
"ಇದು ನಿಂದೇ ಕೆಲಸ" ಅಂದಳು.
"ಏಳು. ಇನ್ನೂ ಅರ್ಧ ಗುಡ್ಡ ಐತೆ.
ಬಿಸಿಲು ತಗೊಂಡೇ ಇಳಿಯೋಣ."